ಕಣದಲ್ಲಿ ನಿಂತ ಕೊಡಗು

"ನಿಮ್ಮನೇಲಿ ಕನ್ನಡಿ ಇದೆಯೇನಯ್ಯ?" ಎಂದು ಚಿದಾನಂದ ಕೇಳಿದ. ಮೆಲ್ಲಗೆ ಕೇಳಲಿಲ್ಲ. ಕಾಫಿ ಕಣದ ತುಂಬ ಕೂತು ಉಪ್ಪಿಟ್ಟು ತಿನ್ನುತ್ತಿದ್ದವರೆಲ್ಲರ ಕಿವಿಗೂ ಬೀಳುವಂತೆ ಕೇಳಿದ. "ನಾನು ಹೇಳಿದ್ದು ಕೊಡಗಿನ ಹುಡುಗ ಬೇಕು ಅಂತ. ನೀನು ನೋಡಿದ್ರೆ ಲೈನ್ ಮನೆಯಿಂದ ಎದ್ದು ಬಂದಂಗಿದೀಯ. ಹೋಗು, ಬುಟ್ಟಿ ಹೊರೋರ ಹಿಂದೆ ನಿಂತ್ಕೋ."

ಕಣದ ಆ ಕಡೆಯಿಂದ ಯಾರೋ ನಕ್ಕರು. ಒಬ್ಬರು ನಕ್ಕ ಮೇಲೆ ಉಳಿದವರು ಬಿಡುತ್ತಾರೆಯೇ?

ಮಾತು ಬಿದ್ದದ್ದು ಪ್ರಜ್ಞೇಶನಿಗೆ. ಚಿದಾನಂದ ಬೆಂಗಳೂರಿನಿಂದ ಬಂದ ಸಿನಿಮಾ ತಂಡದ ಮ್ಯಾನೇಜರ್. ಕಕ್ಕಬೆಗೆ ಬಂದು ಇನ್ನೂ ವಾರವಾಗಿರಲಿಲ್ಲ. ಪ್ರಜ್ಞೇಶ ಇಲ್ಲೇ ಹುಟ್ಟಿದ ಅರೆಭಾಷೆ ಗೌಡರ ಹುಡುಗ. ಅವನ ಅಜ್ಜನ ಅಜ್ಜನೂ ಇದೇ ಮಣ್ಣಿಗೆ ಸೇರಿದವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ತಡಿಯಂಡಮೋಳ್ ಬೆಟ್ಟ ನೋಡಲು ಬರುವವರನ್ನು ಜೀಪಿನಲ್ಲಿ ಹತ್ತಿಸಿ ಇಳಿಸಿಕೊಂಡಿದ್ದ. ಅವನು ಕೇಳಿದ್ದು ಹೀರೋ ಪಾತ್ರವನ್ನಲ್ಲ. ಸಾಹುಕಾರರ ಮಗನ ಪಾತ್ರ, ಇಡೀ ಸಿನಿಮಾದಲ್ಲಿ ಒಂದೇ ಮಾತು. ಹೀರೋನ ಜೀಪು ಬರುವಾಗ ಬುಟ್ಟಿ ಹೊತ್ತ ಹೆಂಗಸರಿಗೆ "ಏಯ್, ದಾರಿ ಬಿಡ್ರಿ" ಎನ್ನಬೇಕು. ಆ ಮಾತನ್ನು ಜೀಪಿನ ಕನ್ನಡಿ ನೋಡಿಕೊಂಡು ಎಷ್ಟು ಸಲ ಹೇಳಿದ್ದನೋ. ಅವನ ಅವ್ವ ಯಮುನ ಆಗಲೇ ನೆಂಟರಿಗೆಲ್ಲ ಫೋನು ಮಾಡಿ ಮುಗಿಸಿದ್ದಳು. ತೆರೆಯ ಮೇಲೆ ಒಂದು ಸಲ, ಕೊಡಗಿನವನಾಗಿ, ಬಾಯಿ ತೆರೆಯಬೇಕು. ಅವನ ಆಸೆ ಅಷ್ಟೇ. ಈಗ ಈ ಮನುಷ್ಯ ಅವನನ್ನು ಎಸ್ಟೇಟಿನ ಕೂಲಿಯವರಿರುವ ಲೈನಿನವರ ಜೊತೆ ಸೇರಿಸಿಬಿಟ್ಟಿದ್ದ. ಉರಿದದ್ದು ಅದೇ.

"ಕೊಡಗಿನ ಮುಖ ಅಂದ್ರೆ ಯಾವುದು ಸಾರ್?" ಎಂಬ ದನಿ ಹಿಂದಿನಿಂದ ಬಂತು.

ಶ್ವೇತ, ಪ್ರಜ್ಞೇಶನ ಚಿಕ್ಕಪ್ಪನ ಮಗಳು. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದುತ್ತಾಳೆ. ಕೊಡಗನ್ನು ತೋರಿಸುವ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡಿ, ಯಾರು ಮಾತಾಡುತ್ತಾರೆ, ಯಾರು ಸುಮ್ಮನೆ ನಿಂತಿರುತ್ತಾರೆ ಎಂದು ಲೆಕ್ಕ ಹಾಕುವ ಹುಚ್ಚು ಅವಳಿಗೆ. ಶೂಟಿಂಗ್ ನೋಡಬೇಕೆಂದು ಹಟ ಹಿಡಿದು ಅಣ್ಣನ ಜೀಪಿನಲ್ಲೇ ಬಂದಿದ್ದಳು.

"ಕಾಡಿನಲ್ಲಿ ಎಲ್ಲ ಮರ ಎಣಿಸ್ಲಿಕ್ಕಾಗಲ್ಲ ಸಾರ್. ಹಗ್ಗ ಕಟ್ಟಿ ಒಂದು ತುಂಡು ಜಾಗ ನೋಡ್ತೇವೆ. ಅದೇ ತರ ಇಲ್ಲಿ ಕೊಡಗಿನವರು ಯಾರು ಅಂತ ನೋಡೋಣ. ಎಲ್ಲರೂ ಇದ್ದಾರಲ್ಲ."

ಮಂಜು ಇಳಿದಿತ್ತು. ಕ್ಯಾಮೆರಾ ಪ್ಲಾಸ್ಟಿಕ್ ಹೊದ್ದು ಕೂತಿತ್ತು. "ಬಿಸಿಲು ಬರೋವರೆಗೆ ಏನಾದ್ರೂ ಮಾಡ್ಕೊಳಮ್ಮ. ನಮಗೂ ಟೈಂಪಾಸ್" ಎಂದು ಚಿದಾನಂದ ಕಾಲ ಮೇಲೆ ಕಾಲು ಹಾಕಿದ.

ಜೀಪಿನಿಂದ ಕಾಲೇಜಿನ ನೈಲಾನ್ ಹಗ್ಗ ತಂದವನು ಪ್ರಜ್ಞೇಶನೇ. ಶ್ವೇತ ಫೋನಿನಲ್ಲಿ ಜನಗಣತಿಯ ಅಂಕಿ ನೋಡುತ್ತ, ಕಣವನ್ನು ಮನೆಮಾತುಗಳ ಪಾಲಿಗೆ ತಕ್ಕಂತೆ ಭಾಗ ಮಾಡಿಸಿದಳು. ಕನ್ನಡಕ್ಕೆ ಎಲ್ಲಕ್ಕಿಂತ ದೊಡ್ಡ ಚೌಕ, ಪಕ್ಕದಲ್ಲಿ ಮಲಯಾಳ, ಆಮೇಲೆ ಕೊಡವ, ತುಳು, ತಮಿಳು, ಯರವ, ಉರ್ದು. ಸಿನಿಮಾಕ್ಕೆಂದು ಬಂದಿದ್ದ ಜನ ನಗಾಡುತ್ತ ಎದ್ದು ತಮ್ಮ ತಮ್ಮ ಚೌಕಕ್ಕೆ ಹೋದರು. ಎಸ್ಟೇಟಿನ ಯಜಮಾನರು ಮೊಣ್ಣಪ್ಪನವರೂ ಕೈಯಲ್ಲಿ ಕಾಫಿ ಲೋಟ ಹಿಡಿದೇ ಕೊಡವರ ಚೌಕಕ್ಕೆ ಇಳಿದರು.

ಪ್ರಜ್ಞೇಶ ಮಾತ್ರ ಹಗ್ಗದ ತುದಿ ಹಿಡಿದು ಅಲ್ಲೇ ನಿಂತ. "ನಮ್ಮದ್ ಎಲ್ಲಿ ಉಟ್ಟು?" ಎಂದು ಅರೆಭಾಷೆಯಲ್ಲಿ ಕೇಳಿದ, ತಮ್ಮ ಚೌಕ ಕಾಣದೆ.

"ಬೇರೆ ಇಲ್ಲೆ ಅಣ್ಣ. ಅರೆಭಾಷೆಯ ಕನ್ನಡದ ಒಳಗೇ ಸೇರ್ಸಿಯೊಳೊ."

ಮ್ಯಾನೇಜರ್ ತನ್ನನ್ನು ಕೊಡಗಿನ ಲೆಕ್ಕದಿಂದ ಕಳೆದದ್ದು ಸಾಲದು ಎಂಬಂತೆ ಸರ್ಕಾರವೂ ಕಳೆದಿತ್ತು. ಕುಶಾಲನಗರದ ಕಡೆಯಿಂದ ಬಂದಿದ್ದ ರೈತ ಸಣ್ಣಸ್ವಾಮಿ ಕನ್ನಡದ ಚೌಕದೊಳಗಿಂದ ಕೈ ಬೀಸಿದ. "ಬಾರಪ್ಪ, ಯಾಕಂಗ್ ನಿಂತಿದ್ದೀಯ. ಜಾಗ ಐತೆ ಇಲ್ಲಿ. ನಮ್ಮಜ್ಜ ಹಾಸನದಿಂದ ಬಂದಾಗ ಅವ್ನಿಗೂ ಯಾರೂ ಚೌಕ ಹಾಕಿಟ್ಟಿರ್ಲಿಲ್ಲ."

ಪ್ರಜ್ಞೇಶ ಹೋಗಿ ನಿಂತ. ನಿಂತು ತಲೆ ಎತ್ತಿದ.

ಕಾಫಿ ಹರಡುವ ಕಣದ ತುಂಬ ಜನ ಹರಡಿಕೊಂಡಿದ್ದರು. ಮಂಜು ಅವರ ಮೊಣಕಾಲಿನ ಮಟ್ಟಕ್ಕೆ ಬಂದು ನಿಂತಿತ್ತು. ಒಂದು ಮೂಲೆಯಲ್ಲಿ ಮಲಯಾಳದ ನಗು, ಇನ್ನೊಂದರಲ್ಲಿ ತುಳುವಿನ ಜಗಳ, ನಡುವೆ ತಮಿಳಿನಲ್ಲಿ ಯಾರೋ ಮಗುವನ್ನು ರಮಿಸುತ್ತಿದ್ದರು. ಈ ಜನರನ್ನೆಲ್ಲ ಅವನು ದಿನಾ ನೋಡುವವನೇ. ಬಸ್‌ಸ್ಟ್ಯಾಂಡಿನಲ್ಲಿ, ರೇಷನ್ ಅಂಗಡಿಯಲ್ಲಿ, ಕಾಫಿ ಪಿಕಿಂಗಿಗೆ ಹೋಗುವ ಟ್ರ್ಯಾಕ್ಟರಿನಲ್ಲಿ. ಒಟ್ಟಿಗೆ ನೋಡಿರಲಿಲ್ಲ. ತಾನು ಹುಟ್ಟಿದ ಊರು ಇಷ್ಟು ದೊಡ್ಡದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಗೋಡೆಯ ಬದಿಗೆ, ಹಗ್ಗದ ಹೊರಗೆ, ಅಸ್ಸಾಮಿನಿಂದ ಬಂದ ಕೆಲಸದವರು ನಿಂತಿದ್ದರು.

"ಅವ್ರು?"

"ಈ ಲೆಕ್ಕ ಹಳತು. ಅವರೆಲ್ಲ ಆಮೇಲೆ ಬಂದವರು."

ಪ್ರಜ್ಞೇಶನಿಗೆ ಏನನ್ನಿಸಿತೋ, ಹಗ್ಗದ ತುದಿ ಎಳೆದುಕೊಂಡು ಹೋಗಿ ಅವರ ಸುತ್ತ ಒಂದು ಸುತ್ತು ಹಾಕಿ ಬಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

"ಇದು ಕೊಡಗು. ಈಗ ಸಿನಿಮಾ" ಎಂದಳು ಶ್ವೇತ. "ನಾನು ನೋಡಿದ ಸಿನಿಮಾಗಳಲ್ಲಿ ಯಾವ ಚೌಕದವರು ಕೊಡಗಿನವರಾಗಿ ಬಾಯಿ ಬಿಟ್ಟು ಮಾತಾಡಿದ್ದಾರೋ ಅವರು ಮಾತ್ರ ನಿಲ್ಲಿ. ಉಳಿದವರು ಹೊರಗೆ ಬನ್ನಿ."

ಚೌಕಗಳು ಒಂದೊಂದಾಗಿ ಖಾಲಿಯಾದವು. ಉಳಿದದ್ದು ಮೊಣ್ಣಪ್ಪನವರ ಚೌಕ ಒಂದೇ. ಅವರು ಕಾಫಿಯ ಕೊನೆಯ ಗುಟುಕು ಕುಡಿದು ತಾವೂ ಹೊರಬಂದರು. "ನನ್ನನ್ನೂ ಕಳೀ ಮಗಳೆ. ಅದು ನಾನಲ್ಲ. ನನ್ನ ಕುಪ್ಯ ಕೋಟು ಹಾಕ್ಕೊಂಡ ಬೇರೆ ಯಾರೋ. ಸೊಂಟದ ಪೀಚೆಕತ್ತಿಯನ್ನು ಚಮಚ ಸಿಕ್ಕಿಸಿದ ಹಾಗೆ ಸಿಕ್ಕಿಸ್ಕೊಂಡಿರ್ತಾನೆ."

ಜನ ಹೊಟ್ಟೆ ಹಿಡಿದು ನಕ್ಕರು. ಕಣ ಬರಿದಾಗಿತ್ತು.

ಶ್ವೇತ ಮಾತ್ರ ನಗಲಿಲ್ಲ. ಬುಡಕಟ್ಟಿನ ಯರವರ ಚೌಕದಿಂದ ಆ ಕಡೆಗೆ ನಡೆದು ಹೋಗುತ್ತಿದ್ದ ಚಿನ್ನಿ ಎಂಬ ಕೂಲಿ ಹೆಂಗಸಿನ ಬೆನ್ನನ್ನೇ ನೋಡುತ್ತಿದ್ದಳು. ಚಿನ್ನಿಗೆ ವಯಸ್ಸಾಗಿತ್ತು. ಎಡ ಭುಜ ತುಸು ತಗ್ಗಿಸಿ, ಏರು ಹತ್ತುವವರ ಹಾಗೆ ನಡೆಯುತ್ತಿದ್ದಳು.

"ಅಕ್ಕ, ನಿಲ್ಲಿ. ನೀವು ಸಿನಿಮಾದಲ್ಲಿ ಮಾಡಿದ್ದೀರಾ?"

ಚಿನ್ನಿ ತಿರುಗಿದಳು. "ಬಂದದ್ದಕ್ಕೆಲ್ಲ ಮಾಡಿದ್ದೇನೆ. ಬುಟ್ಟಿ ಕೊಡ್ತಾರೆ, ನಡೀ ಅಂತಾರೆ, ತಿರುಗಬೇಡ ಅಂತಾರೆ. ನಾನು ತಿರುಗ್ಲೇ ಇಲ್ಲ."

ಶ್ವೇತ ಅಣ್ಣನ ತೋಳು ಹಿಡಿದಳು. "ಎಲ್ಲಾ ಪಿಚ್ಚರ್‌ಲೂ ಇದೇ ಬೆನ್ನು ಉಟ್ಟು ಅಣ್ಣ. ಬೇರೆ ಬೇರೆ ಹೆಂಗಸರು ಅಂತ ನಾನು ಲೆಕ್ಕ ಹಾಕಿಟ್ಟಿದ್ದೆ. ಎಲ್ಲಾ ಇವರೊಬ್ಬರೇ."

"ನನ್ನ ನಡಿಗೆ ಚೆಂದ ಬಂದಿದೆಯಾ?" ಎಂದು ಚಿನ್ನಿ ಕೇಳಿದಳು. ಅವಳು ಒಂದನ್ನೂ ನೋಡಿರಲಿಲ್ಲ.

ಪ್ರಜ್ಞೇಶ "ಹೂಂ" ಎಂದು ತಲೆಯಾಡಿಸಿದ. ಎಷ್ಟೋ ಬೆಳಿಗ್ಗೆ ಹಾರ್ನು ಹೊಡೆದು ಇವಳನ್ನು ರಸ್ತೆಯ ಬದಿಗೆ ಸರಿಸಿದ್ದ. ಮುಖ ನೋಡಿದ್ದು ಇವತ್ತು. ಕೆನ್ನೆಯ ಗೆರೆಗಳು, ಒಂದು ಹಲ್ಲಿಲ್ಲದ ನಗು, ಅಂಜಿಕೆಯೇ ಇಲ್ಲದ ಕಣ್ಣು. ಮಂಜು ಸರಿದು ತಡಿಯಂಡಮೋಳಿನ ನೆತ್ತಿ ಥಟ್ಟನೆ ಕಂಡಾಗ ಜೀಪಿನಲ್ಲಿದ್ದವರೆಲ್ಲ ಮಾತು ನಿಲ್ಲಿಸುತ್ತಾರಲ್ಲ, ಹಾಗೆ ನಿಂತು ನೋಡಿದ.

ಅಷ್ಟರಲ್ಲಿ ಬಿಸಿಲು ಬಿತ್ತು. ಚಿದಾನಂದ ಚಪ್ಪಾಳೆ ತಟ್ಟುತ್ತ ಎದ್ದ. ಹೆಂಗಸರು ಬುಟ್ಟಿ ಹೊತ್ತು, ಬೆನ್ನು ಹಾಕಿ, ದಾರಿಯಲ್ಲಿ ಸಾಲು ನಿಂತರು. ಎಲ್ಲರಿಗಿಂತ ಹಿಂದೆ, ಕ್ಯಾಮೆರಾಗೆ ಹತ್ತಿರವಾಗಿ, ಚಿನ್ನಿ.

ಚಿದಾನಂದ ಪ್ರಜ್ಞೇಶನ ತೋಳಿನ ಮೇಲೆ ಒಂದು ಕರಿಯ ಕುಪ್ಯ ಹಾಕಿದ. "ಡೈರೆಕ್ಟ್ರು ನಿನ್ನ ನೋಡಿದ್ರು ಕಣಯ್ಯ. ಹಗ್ಗ ಹಿಡ್ಕೊಂಡು ಓಡಾಡ್ತಿದ್ಯಲ್ಲ, ಗತ್ತು ಇದೆ, ಇವನೇ ಇರ್ಲಿ ಅಂದ್ರು. ಬೇಗ ಹಾಕ್ಕೊ. 'ಏಯ್, ದಾರಿ ಬಿಡ್ರಿ.' ಗೊತ್ತಲ್ಲ?"

ಗೊತ್ತಿಲ್ಲದೆ ಏನು? ಮಾತು ನಾಲಿಗೆಯ ತುದಿಯಲ್ಲೇ ಕೂತಿತ್ತು. ಅವ್ವ ಫೋನಿಗೆ ಕಾಯುತ್ತಿದ್ದಳು. ಪ್ರಜ್ಞೇಶ ಆ ತಗ್ಗಿದ ಎಡ ಭುಜವನ್ನು ನೋಡಿದ. ಕುಪ್ಯವನ್ನು ನೀಟಾಗಿ ಮಡಿಸಿ ಕುರ್ಚಿಯ ಮೇಲಿಟ್ಟ.

"ಏನಯ್ಯ, ನಿನ್ನನ್ನೇ ಕೇಳ್ತಿರೋದು. ಮಾಡ್ತೀಯೋ ಇಲ್ವೋ?"

ಪ್ರಜ್ಞೇಶನ ಜೀಪು ದಾರಿಯ ಆ ತುದಿಯಲ್ಲಿತ್ತು, ಹೆಂಗಸರನ್ನು ದಾಟಿಯೇ ಹೋಗಬೇಕು. ಅವನು ಪಕ್ಕದ ಚರಂಡಿಗೆ ಇಳಿದ. ಅವರು ನಿಂತ ದಾರಿಯನ್ನು ಅವರಿಗೇ ಬಿಟ್ಟು, ಕೆಸರು ತುಳಿಯುತ್ತ ನಡೆದುಹೋದ.