ಚೌಕಟ್ಟಿನಿಂದ ಹೊರಗುಳಿದವಳು

ಪತ್ರಿಕೆಯ ಕಚೇರಿ ಒಂದು ಕಾಲಕ್ಕೆ ಮೂರು ಅಂತಸ್ತಿನ ಕಟ್ಟಡದಲ್ಲಿತ್ತು. ಈಗ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದೆ. ಅರವತ್ತು ಜನ ಕೂಗಾಡಿಕೊಂಡು ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಈಗ ಉಳಿದವರು ಒಂಬತ್ತೇ ಜನ. ಅವರಲ್ಲಿ ಹಳೆಯ ಕಟ್ಟಡವನ್ನು ಕಂಡವರು ಇಬ್ಬರು: ಸಂಪಾದಕಿ ಮತ್ತು ಫೋಟೋಗ್ರಾಫರ್. ಫೋಟೋಗ್ರಾಫರನನ್ನು ಎಲ್ಲರೂ ‘ನೆಗೆಟಿವ್ ಮಾಮ’ ಎಂದೇ ಕರೆಯುತ್ತಾರೆ. ಫಿಲ್ಮಿನ ಕಾಲದ ಒಂದು ನೆಗೆಟಿವನ್ನೂ ಎಸೆಯದೆ ಇಟ್ಟುಕೊಂಡಿದ್ದಾನೆ ಎಂಬುದು ಒಂದು ಕಾರಣ. ಏನೇ ಕೇಳಿದರೂ ಮೊದಲು ‘ಆಗಲ್ಲ’ ಎಂದು ಆಮೇಲೆ ಮಾಡಿಕೊಡುತ್ತಾನೆ ಎಂಬುದು ಇನ್ನೊಂದು.

ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಐವತ್ತು ವರ್ಷದ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಏದುಸಿರು ಬಿಡುತ್ತಿದ್ದಳು. ಕೂರಿ ಎಂದರೂ ಕೂರಲಿಲ್ಲ.

“ನಾನು ಶಿಶುವಿಹಾರದಲ್ಲಿ ಆಯಾ,” ಎಂದಳು. “ಹದಿನೆಂಟು ವರ್ಷ ಆಯ್ತು. ಶುಕ್ರವಾರದಿಂದ ಬರಬೇಡ ಅಂದಿದಾರೆ.” ಕೈಯಲ್ಲಿದ್ದ ಮೊಬೈಲನ್ನು ಮುಂದೆ ಚಾಚಿದಳು.

ಮೊಬೈಲಿನಲ್ಲಿ ಒಂದು ಕಪ್ಪುಬಿಳುಪು ಚಿತ್ರವಿತ್ತು. ಸೊಂಟದವರೆಗಿನ ನೀರಿನಲ್ಲಿ ಒಬ್ಬ ಹರೆಯದ ಹೆಂಗಸು ಎರಡು ವರ್ಷದ ಮಗುವನ್ನು ಅವುಚಿಕೊಂಡು ಹೋಗುತ್ತಿದ್ದಾಳೆ. ಮಗು ಬಾಯಿ ತೆರೆದು ಅಳುತ್ತಾ ಎರಡೂ ಕೈಗಳನ್ನು ಹಿಂದಕ್ಕೆ ಚಾಚಿದೆ. ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು: ‘ಎಚ್ಚರ! ನೆರೆಯ ನೆಪದಲ್ಲಿ ಮಕ್ಕಳನ್ನು ಕದ್ದವಳು ಈಗ ನಿಮ್ಮ ಮಕ್ಕಳ ಶಾಲೆಯಲ್ಲಿ! ಹತ್ತು ಜನಕ್ಕೆ ಕಳಿಸಿ.’ ಕೆಳಗೆ ಶಿಶುವಿಹಾರದ ವಿಳಾಸ.

ಮಾಮನಿಗೆ ಚಿತ್ರ ಗುರುತು ಹತ್ತಲು ಅರೆಗಳಿಗೆಯೂ ಬೇಕಾಗಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಊರು ಮುಳುಗಿದಾಗ ಅವನೇ ತೆಗೆದದ್ದು. ಅವನಿಗೆ ಹೆಸರು, ಬಹುಮಾನ ಎಲ್ಲ ತಂದುಕೊಟ್ಟ ಚಿತ್ರ.

“ಇದು ನಾನೇ ಅಂತ ಎಲ್ರಿಗೂ ಗೊತ್ತು ಸಾರ್,” ಎಂದಳು ಆಯಾ. “ನಾನೇ ಹೇಳ್ಕೊಂಡು ತಿರುಗಿದ್ದೆ, ಪೇಪರಲ್ಲಿ ಬಂದಿದೆ ಅಂತ. ಈಗ ಅದೇ ನನ್ನ ಕುತ್ತಿಗೆಗೆ ಬಂತು. ನಿನ್ನೆ ಅಂಗಡಿ ಹತ್ರ ಒಬ್ಬ ಹೆಂಗಸು ನನ್ನ ನೋಡಿ ಮಗೂನ ಎಳ್ಕೊಂಡು ಓಡಿದಳು. ಆ ಮಗೂಗೆ ಊಟ ಮಾಡ್ಸಿದೋಳು ನಾನು.”

ಸಂಪಾದಕಿ ಎದ್ದು ಹೋಗಿ ಒಳಗಿನ ಕೋಣೆಯಿಂದ ಆ ವರ್ಷದ ಸಂಚಿಕೆಗಳ ದಪ್ಪ ಕಟ್ಟನ್ನು ಹೊತ್ತು ತಂದಳು. ಧೂಳು ಝಾಡಿಸಿ ಪುಟ ತೆರೆದಳು. ಮೊದಲ ಪುಟದಲ್ಲಿ ಅರ್ಧ ಪುಟದಷ್ಟು ದೊಡ್ಡದಾಗಿ ಅದೇ ಚಿತ್ರ. ಅಡಿಯಲ್ಲಿ ‘ನೆರೆಯಿಂದ ಮಗುವನ್ನು ಪಾರುಮಾಡುತ್ತಿರುವ ಮಹಿಳೆ.’

“ಇದರ ಪ್ರತಿ ತೆಗೆದುಕೊಡ್ತೀವಮ್ಮ, ತೋರಿಸಿ.”

“ತೋರಿಸಾಯ್ತು ಮೇಡಂ. ಕಟ್ಟು ಹಾಕಿಸಿ ಇಟ್ಕೊಂಡಿದ್ನಲ್ಲ, ಅದನ್ನೇ ತಗೊಂಡು ಹೋಗಿದ್ದೆ. ಮುಖ್ಯೋಪಾಧ್ಯಾಯಿನಿ ಒಳ್ಳೇವ್ರು, ನಂಬ್ತಾರೆ. ಅಪ್ಪ ಅಮ್ಮಂದಿರು ನಂಬಬೇಕಲ್ಲ? ‘ಪೇಪರ್‌ನೋರು ಬರೆದಿದ್ದೆಲ್ಲ ನಿಜಾನಾ? ಮಗು ಯಾಕೆ ಅವಳ ಕೈಯಿಂದ ಬಿಡಿಸ್ಕೊಳ್ತಿದೆ? ಅದರ ತಾಯಿ ಎಲ್ಲಿ?’ ಅಂತ ಕೇಳಿದ್ರಂತೆ.”

ತಾಯಿ ಎಲ್ಲಿ ಎಂಬ ಮಾತು ಬಿದ್ದದ್ದೇ ಮಾಮ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ತಾಯಿ ಮೂಲ ಚಿತ್ರದಲ್ಲಿದ್ದಳು. ಎಡಗಡೆ, ಅರ್ಧ ಮುಳುಗಿದ ಮನೆಯ ಸೂರಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಈಗಷ್ಟೇ ಮಗುವನ್ನು ಕೈದಾಟಿಸಿ, ಹೋಗು ಹೋಗು ಎನ್ನುವಂತೆ ಕೈ ಬೀಸುತ್ತಿದ್ದಳು. ಆವತ್ತು ಸಂಜೆ ಹಳೆಯ ಕಟ್ಟಡದ ಕಪ್ಪುಕೋಣೆಯಿಂದ ಹೊರಬಂದ ಹಸಿ ಪ್ರಿಂಟಿನ ಮೇಲೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಅವಳನ್ನು ಕತ್ತರಿಸಿ ಹಾಕಿದವನು ಇವನೇ. ನೋಡುವವರ ಕಣ್ಣು ಎರಡು ಕಡೆ ಓಡುತ್ತದೆ, ಮಗು ಶೂನ್ಯಕ್ಕೆ ಕೈ ಚಾಚಿದಂತಿದ್ದರೆ ಎದೆಗೆ ನಾಟುತ್ತದೆ ಎಂದು. ಆಗಿನ ಸಂಪಾದಕರು ಬೆನ್ನು ತಟ್ಟಿದ್ದರು.

“ನೀವು ನಾಳೆ ಬನ್ನಿ,” ಎಂದು ಆಯಾಗೆ ಹೇಳಿದ. ಆಗಲ್ಲ ಎಂದು ಮೊದಲು ಹೇಳದೆ ಇದ್ದದ್ದನ್ನು ಸಂಪಾದಕಿ ಗಮನಿಸಿದಳು.

ಕಚೇರಿ ಖಾಲಿ ಮಾಡಿದ ದಿನ ಗುಜರಿಗೆ ಹೋಗಬೇಕಿದ್ದ ನೆಗೆಟಿವ್‌ಗಳನ್ನು ಮಾಮ ಹನ್ನೊಂದು ಟ್ರಂಕುಗಳಲ್ಲಿ ಮನೆಗೆ ಸಾಗಿಸಿದ್ದ. ಮಂಚದ ಕೆಳಗೆ, ಅಟ್ಟದ ಮೇಲೆ, ಬಚ್ಚಲ ಬಾಗಿಲ ಪಕ್ಕ, ಎಲ್ಲೆಲ್ಲೂ ಟ್ರಂಕು. ಮಧ್ಯಾಹ್ನ ಅವನು ಬಂದವನೇ ಒಂದೊಂದಾಗಿ ಎಳೆಯತೊಡಗಿದಾಗ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಏನು, ಕೊನೆಗೂ ಮಾರ್ತಿದೀರಾ? ಈ ಮನೇಲಿ ಕಾಲು ಚಾಚೋ ಯೋಗ ನನಗಿದೆ ಅಂತಾಯ್ತು.”

ಅವನ ಮುಖ ನೋಡಿದ ಮೇಲೆ ಅವಳು ಮತ್ತೆ ಚೇಷ್ಟೆ ಮಾಡಲಿಲ್ಲ. ನೆಲದ ಮೇಲೆ ಕೂತು ತಾನೂ ಲಕೋಟೆಗಳ ಮೇಲಿನ ತಾರೀಖು ಓದತೊಡಗಿದಳು. ಏಳನೆಯ ಟ್ರಂಕಿನಲ್ಲಿ ಸಿಕ್ಕಿತು. ಆರು ಚೌಕಗಳ ಒಂದು ಪಟ್ಟಿ. ಬಾಗಿಲಿನ ಬೆಳಕಿಗೆ ಹಿಡಿದು ನೋಡಿದ. ಮೂರನೆಯ ಚೌಕದಲ್ಲಿ ಎಡತುದಿಗೆ ಸೂರು, ಸೂರಿನ ಮೇಲೆ ಅಕ್ಕಿಕಾಳಿನಷ್ಟು ಪುಟ್ಟ ಆಕೃತಿ.

“ಇವಳು ಯಾರು?” ಹೆಂಡತಿ ಕೇಳಿದಳು.

“ನಾನು ಬೇಡ ಅಂದವಳು.”

ಮಾರನೆಯ ದಿನ ಪೂರ್ತಿ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಆಯಾಳ ಮುಂದಿಟ್ಟ. ತಾನು ಏನು ಮಾಡಿದ್ದೆ ಎಂಬುದನ್ನೂ ಸುತ್ತುಬಳಸದೆ ಹೇಳಿದ. ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಸೂರಿನ ಮೇಲಿನ ಹೆಂಗಸಿನ ಮೇಲೆ ಬೆರಳಿಟ್ಟಳು.

“ನಾವು ದೋಣಿ ತಗೊಂಡು ಎರಡನೇ ಸಲ ಹೋಗೋ ಹೊತ್ತಿಗೆ ಮನೇನೇ ಇರ್ಲಿಲ್ಲ ಸಾರ್. ನೀವು ಅಷ್ಟೊತ್ತಿಗೆ ಹೊರಟುಹೋಗಿದ್ರಿ.”

ಹೌದು, ಹೊರಟುಹೋಗಿದ್ದ. ಸಂಜೆಯ ಗಡುವಿಗೆ ಫಿಲ್ಮ್ ಮುಟ್ಟಿಸಬೇಕಿತ್ತು. ಆ ತಾಯಿ ಉಳಿದಳೋ ಇಲ್ಲವೋ ಎಂದು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ವಿಚಾರಿಸಿರಲಿಲ್ಲ.

“ಮಗು?”

“ಅದರ ಸೋದರಮಾವ ಬಂದು ಕರ್ಕೊಂಡು ಹೋದ. ಆಮೇಲೆ ಗೊತ್ತಿಲ್ಲ. ನೀವು ಆವತ್ತು ನನ್ನ ಏನೂ ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆ.”

ಚಿತ್ರವನ್ನು ಮೊದಲ ಪುಟದಲ್ಲಿ ಹಾಕುವುದಕ್ಕೆ ಯಾರದೂ ತಕರಾರಿರಲಿಲ್ಲ. ತಕರಾರು ಬಂದದ್ದು ಅದರ ಜೊತೆಗಿನ ನಾಲ್ಕು ಸಾಲಿಗೆ. ‘ಇಪ್ಪತ್ತೆರಡು ವರ್ಷದ ಹಿಂದೆ ಈ ಚಿತ್ರವನ್ನು ಕತ್ತರಿಸಿ ಪ್ರಕಟಿಸಿದ್ದು ನಾವೇ. ಕತ್ತರಿಸಬಾರದಿತ್ತು.’ ಮಾಲೀಕರು ಫೋನ್ ಮಾಡಿದರು. ಸಂಪಾದಕಿ ಮುಕ್ಕಾಲು ಗಂಟೆ ಬರೀ ಹೂಂಗುಟ್ಟಿದಳು. ಫೋನ್ ಇಟ್ಟು ಮಾಮನ ಕಡೆ ತಿರುಗಿದಳು. ಅವಳು ಕಾಲೇಜು ಮುಗಿಸಿ ಬಂದ ಹೊಸತರಲ್ಲಿ ಸುದ್ದಿ ಅಂದರೆ ಏನು ಎಂದು ಹೇಳಿಕೊಟ್ಟವರಲ್ಲಿ ಅವನೂ ಒಬ್ಬ.

“ಮಾಮ, ಚಿತ್ರ ಹಾಕಿ, ತಪ್ಪೊಪ್ಪಿಗೆ ಬೇಡ ಅಂತಾರೆ. ಈಗಲೇ ಜನ ನಮ್ಮನ್ನ ಸುಳ್ಳರು ಅಂತಾರೆ. ನಾವೇ ಬಾಯಿಬಿಟ್ಟು ಕತ್ತರಿಸಿದ್ವಿ ಅಂದ್ರೆ ನಮ್ಮ ಕೈಯಾರೆ ಕೋಲು ಕೊಟ್ಟ ಹಾಗಲ್ವಾ?”

“ಕೊಟ್ಟ ಹಾಗೇ.”

“ಮತ್ತೆ?”

“ಯಾರೋ ಕಿಡಿಗೇಡಿ ಕತ್ತರಿಸಿದ ಅಂತ ಜನ ತಿಳ್ಕೊಳ್ಳಲಿ ಅಂತ ಸುಮ್ಮನಿದ್ರೆ, ಅದೂ ಕತ್ತರಿಸಿದ ಹಾಗೇ ಅಲ್ವೇನಮ್ಮ? ಹಳೇ ಪೇಪರ್ ಅವಳ ಮನೆ ಗೋಡೆ ಮೇಲಿದೆ. ಯಾರಾದ್ರೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಸಿಕ್ಕಿಬೀಳೋದು ಅವಳು, ನಾವಲ್ಲ. ನನ್ನ ಹೆಸರು ಹಾಕು. ಕೆಂಪು ಗೆರೆ ಎಳೆದವನು ನಾನು.”

ಸಂಪಾದಕಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡಳು. ಆಮೇಲೆ ‘ನಾವೇ’ ಎಂಬುದನ್ನು ಹಾಗೇ ಬಿಟ್ಟು ಪುಟವನ್ನು ಅಚ್ಚಿಗೆ ಕಳಿಸಿದಳು.

ಅವರು ಅಂಜಿದ್ದೇ ಆಯಿತು. ಬೆಳಗಾಗುವಷ್ಟರಲ್ಲಿ ಯಾರೋ ಆ ನಾಲ್ಕು ಸಾಲನ್ನು ಮಾತ್ರ ಕತ್ತರಿಸಿ ಹರಿಯಬಿಟ್ಟಿದ್ದರು. ‘ಚಿತ್ರ ತಿದ್ದಿದ್ದು ನಿಜ: ಪತ್ರಿಕೆಯ ಬಾಯಿಂದಲೇ!’ ಎಂದು. ಮೊದಲಿನ ಸುಳ್ಳಿಗಿಂತ ಇದು ಜೋರಾಗಿ ಓಡಿತು. ಮಾಮನ ತಂಗಿಯೇ ಬೇರೆ ಊರಿನಿಂದ ಫೋನ್ ಮಾಡಿ, “ಏನಣ್ಣಾ, ನೀನೂ ಹೀಗಾ?” ಎಂದಳು. ಅವನು ಸಮಜಾಯಿಷಿ ಕೊಡಲು ಹೋಗಲಿಲ್ಲ. “ಹೌದು ಕಣೇ, ಆದ್ರೆ ಪೂರ್ತಿ ಓದು,” ಎಂದಷ್ಟೇ ಹೇಳಿದ. ಅವಳು ಓದಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಶನಿವಾರ ಬೆಳಿಗ್ಗೆ ಶಿಶುವಿಹಾರದಲ್ಲಿ ಮುಖ್ಯೋಪಾಧ್ಯಾಯಿನಿ ಪೋಷಕರ ಸಭೆ ಕರೆದರು. ಸಂಪಾದಕಿ ಮತ್ತು ಮಾಮ ಇಬ್ಬರೂ ಹೋದರು. ಮಕ್ಕಳ ಕುಳ್ಳ ಕುರ್ಚಿಗಳಲ್ಲಿ ನಲವತ್ತು ಚಿಲ್ಲರೆ ದೊಡ್ಡವರು ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಆಯಾ ಬಾಗಿಲ ಬಳಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅವಳ ಅಕ್ಕಪಕ್ಕ ಜಾಗ ಖಾಲಿ ಇತ್ತು.

ಮಾಮ ದೊಡ್ಡ ಪ್ರಿಂಟನ್ನು ಕರಿಹಲಗೆಗೆ ಆನಿಸಿ ನಿಲ್ಲಿಸಿದ. ಒಂದು ಬಿಳಿ ಹಾಳೆಯಿಂದ ಎಡಭಾಗ ಮುಚ್ಚಿದ. “ನೀವು ನೋಡಿದ್ದು ಇಷ್ಟು.” ಹಾಳೆ ತೆಗೆದ. “ನಾನು ಕಂಡದ್ದು ಇಷ್ಟು. ಮುಚ್ಚಿದ್ದು ನನ್ನ ತಪ್ಪು. ಅದಕ್ಕೆ ಇವರು ಹೊಣೆ ಅಲ್ಲ.”

ಹಿಂದಿನ ಸಾಲಿನಿಂದ ಒಬ್ಬ ತಂದೆ ಎದ್ದ. ಮೊದಲ ದಿನವೇ ಅದನ್ನು ಎಲ್ಲರಿಗೂ ಕಳಿಸಿದವನು ತಾನೇ ಎಂದು ಒಪ್ಪಿಕೊಂಡ. ಜಗಳಕ್ಕೆ ಬಂದವನಲ್ಲ, ಮಗಳ ಮೇಲಿನ ಭಯ ಅವನ ಮುಖದಲ್ಲೇ ಇತ್ತು.

“ಬೇಜಾರು ಮಾಡ್ಕೋಬೇಡಿ ಸಾರ್. ಇವತ್ತು ಮೊಬೈಲಿಗೆ ಹೇಳಿದ್ರೆ ಎರಡು ನಿಮಿಷದಲ್ಲಿ ಇಲ್ಲದ ತಾಯಿನ ತಂದು ಸೂರಿನ ಮೇಲೆ ಕೂರಿಸುತ್ತೆ. ಕತ್ತರಿಸಿದ್ವಿ ಅಂತ ನೀವೇ ಹೇಳ್ತೀರಿ. ಸೇರಿಸಿಲ್ಲ ಅಂತ ನಾವು ಹೇಗೆ ನಂಬೋದು?”

ಮಾಮನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. ಕಳಿಸುವ ಮುಂಚೆ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು. ಜೇಬಿನಿಂದ ಲಕೋಟೆ ತೆಗೆದು, ನೆಗೆಟಿವ್ ಪಟ್ಟಿಯ ಅಂಚು ಹಿಡಿದು ಕಿಟಕಿಯ ಹತ್ತಿರ ಹೋದ.

“ಇಲ್ಲಿ ಬಂದು ನಿಮ್ಮ ಕಣ್ಣಾರೆ ನೋಡಿ. ಆರು ಚಿತ್ರ ಇದೆ, ಒಂದಾದ ಮೇಲೊಂದು ತೆಗೆದದ್ದು. ಇದರಲ್ಲಿ ಯಾರನ್ನೂ ಸೇರಿಸಕ್ಕಾಗಲ್ಲ, ತೆಗೆಯಕ್ಕೂ ಆಗಲ್ಲ. ಮೊದಲನೇದರಲ್ಲಿ ಮಗು ತಾಯಿ ತೊಡೆ ಮೇಲಿದೆ. ಎರಡನೇದರಲ್ಲಿ ತಾಯಿ ಎತ್ತಿ ಕೊಡ್ತಿದಾಳೆ. ಬೆಳಕಿಗೆ ಹಿಡೀರಿ, ಕಪ್ಪು ಇದ್ದದ್ದು ಬಿಳಿ ಅಂತ ತಿಳ್ಕೊಳ್ಳಿ.”

ಆ ತಂದೆ ಬಂದ. ಒಂದು ಕಣ್ಣು ಮುಚ್ಚಿ, ಪಟ್ಟಿಯನ್ನು ಆಚೀಚೆ ಸರಿಸಿ, ಬಹಳ ಹೊತ್ತು ನೋಡಿದ. ಅವನ ಕುತ್ತಿಗೆ ಕೆಂಪಾಯಿತು. ಪಕ್ಕದವಳಿಗೆ ಪಟ್ಟಿ ದಾಟಿಸಿ ಆಯಾಳ ಕಡೆ ಹೋದ. ಅವಳ ಮುಂದೆ ನಿಂತು ಏನೋ ಹೇಳಿದ, ಮಾಮನಿಗೆ ಕೇಳಿಸಲಿಲ್ಲ. ಅವಳು ತಲೆಯಾಡಿಸಿದ್ದು ಮಾತ್ರ ಕಂಡಿತು. ಒಬ್ಬೊಬ್ಬರಾಗಿ ಹನ್ನೊಂದು ಜನ ಕಿಟಕಿಗೆ ಬಂದರು. ಉಳಿದವರಲ್ಲಿ ಕೆಲವರು ಅವರನ್ನು ನೋಡಿ ಒಪ್ಪಿಕೊಂಡರು. ಇನ್ನು ಕೆಲವರು ಗಡಿಯಾರ ನೋಡಿ ಎದ್ದು ಹೋದರು. ಎರಡು ಮನೆಯವರು ಮಕ್ಕಳನ್ನು ಬಿಡಿಸಿಕೊಂಡರು. ಸೋಮವಾರದಿಂದ ಆಯಾ ಕೆಲಸಕ್ಕೆ ಬಂದಳು. ಒಂದು ತಿಂಗಳ ಮಟ್ಟಿಗೆ ಮಕ್ಕಳನ್ನು ಗೇಟಿನವರೆಗೆ ಕರೆದೊಯ್ಯಬಾರದು ಎಂಬ ಷರತ್ತು ಮಾತ್ರ ಇತ್ತು.

“ತಿಂಗಳು ತಾನೇ, ತಡ್ಕೋತೀನಿ,” ಎಂದಳು. ಆದರೆ ಆ ಮಾತಾಡುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಇದೆಲ್ಲ ಆಗಿ ಹದಿನೈದು ದಿನಕ್ಕೆ ಕಚೇರಿಗೆ ಒಬ್ಬ ಯುವತಿ ಬಂದಳು. ದೂರದ ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವಳು. ರಾತ್ರಿಯಿಡೀ ಬಸ್ಸಿನಲ್ಲಿ ಬಂದದ್ದು ಕೆದರಿದ ಕೂದಲಿನಲ್ಲೇ ಗೊತ್ತಾಗುತ್ತಿತ್ತು. ಪತ್ರಿಕೆಯ ಪುಟವನ್ನು ನಾಲ್ಕು ಮಡಿಕೆ ಮಾಡಿ ತಂದಿದ್ದಳು.

“ನಮ್ಮ ಮಾವ ಇದನ್ನ ನೋಡಿ ಅತ್ತುಬಿಟ್ರು,” ಎಂದಳು. “ಸೂರಿನ ಮೇಲಿರೋದು ನಮ್ಮಮ್ಮ ಅಂತೆ. ಮನೇಲಿ ಇದ್ದಬದ್ದ ಫೋಟೋ ಎಲ್ಲ ನೀರಿಗೆ ಹೋಯ್ತು. ನನಗೆ ಅವರ ಮುಖ ನೆನಪೇ ಇಲ್ಲ. ಪೇಪರಲ್ಲಿ ಚುಕ್ಕೆ ಚುಕ್ಕೆ ಕಾಣುತ್ತೆ, ನಿಮ್ಮ ಹತ್ರ ದೊಡ್ಡದು ಇರಬಹುದು ಅಂತ ಬಂದೆ.”

ಸಂಪಾದಕಿ ಶಿಶುವಿಹಾರಕ್ಕೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಆಯಾ ಏಪ್ರನ್ ಕೂಡ ಬಿಚ್ಚದೆ ಓಡಿಬಂದಳು. ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅವಳಿಗೆ ಗೊತ್ತಿದ್ದದ್ದು ಎರಡು ವರ್ಷದ ಅಳುವ ಮುಖವೊಂದೇ.

ಮಾಮ ಪ್ರಿಂಟನ್ನು ಮೇಜಿನ ಮೇಲೆ ಬಿಡಿಸಿ ಭೂತಗನ್ನಡಿ ಕೊಟ್ಟ. ಯುವತಿ ಬಾಗಿದಳು. ಅದನ್ನು ಹತ್ತಿರ ತಂದಳು, ದೂರ ಒಯ್ದಳು. ಅವನಿಗೆ ಗೊತ್ತಿತ್ತು, ಹೇಳದೆ ವಿಧಿ ಇರಲಿಲ್ಲ.

“ಮಸುಕಾಗಿದೆಯಮ್ಮ. ನಾನು ಫೋಕಸ್ ಮಾಡಿದ್ದು ನಿನ್ನ ಮುಖಕ್ಕೆ. ಮೊದಲೆರಡರಲ್ಲಿ ನಿಮ್ಮಮ್ಮ ಬಗ್ಗಿದ್ದಾರೆ, ಮುಖ ಕಾಣಲ್ಲ. ಉಳಿದವೂ ಹೀಗೇ. ಅವರ ಮುಖ ಇದಕ್ಕಿಂತ ಸ್ಪಷ್ಟವಾಗಿ ಎಲ್ಲೂ ಇಲ್ಲ. ಸ್ಪಷ್ಟ ಮಾಡಿಕೊಡೋ ಯಂತ್ರಗಳು ಈಗ ಬಂದಿವೆ. ಆದ್ರೆ ಅದು ಯಂತ್ರ ಊಹಿಸಿ ಬರೆದ ಮುಖ ಆಗುತ್ತೆ, ನಿಮ್ಮಮ್ಮನದಲ್ಲ.”

“ಬೇಡ,” ಎಂದಳು ಯುವತಿ ತಲೆ ಎತ್ತದೆ. “ಇದೇ ಇರಲಿ.”

ಆಯಾ ಒಳಗೆ ಬಂದು ಅವಳ ಪಕ್ಕದ ಕುರ್ಚಿ ಎಳೆದುಕೊಂಡಳು.

“ಹಸಿರು ಸ್ವೆಟರ್ ಹಾಕಿದ್ಲು ಕಣವ್ವ. ತೋಳು ಒದ್ದೆ ಆಗಿ ಉದ್ದ ಜೋತುಬಿದ್ದಿತ್ತು. ಎಡಗೆನ್ನೆ ಮೇಲೆ ಮಚ್ಚೆ, ನಿನಗಿದೆಯಲ್ಲ ಅಲ್ಲೇ. ನೀನು ನನ್ನ ಕೂದಲು ಹಿಡಿದು ಜಗ್ಗಿದಾಗ, ಅಷ್ಟು ಕಷ್ಟದಲ್ಲೂ ನಕ್ಕುಬಿಟ್ಲು. ‘ಜೋರಾಗಿ ಹಿಡ್ಕೊಳ್ಳಿ, ಇವಳು ಬಲು ಜಾರುಬುರುಕಿ’ ಅಂದ್ಲು.”

ಯುವತಿ ಭೂತಗನ್ನಡಿಯನ್ನು ಕೆಳಗಿಟ್ಟು ಆಯಾಳ ಕಡೆ ತಿರುಗಿ ಕೂತಳು. “ಇನ್ನೇನಂದ್ರು?”

ಮಾಮ ಒಂದು ಕಾಗದ, ಪೆನ್ನು ಎಳೆದುಕೊಂಡ. ಇಷ್ಟು ವರ್ಷ ಬರೆಯುವ ಕೆಲಸ ಬೇರೆಯವರದು ಎಂದುಕೊಂಡಿದ್ದವನು.

“ನಿಧಾನಕ್ಕೆ ಹೇಳಮ್ಮ,” ಎಂದ ಆಯಾಗೆ. “ಮೊದಲಿಂದ ಹೇಳು. ನಾನು ಬರ್ಕೋತೀನಿ.”