ಕೂತವರು ಏಳದ ಬೆಂಚು

ಇದನ್ನು ಆಟದ ತಪ್ಪೆಂದು ಬರೆದುಕೊಡಲೋ, ಬೇಡವೋ? ಬರೆದರೆ ಕೆಲಸ ಉಳಿಯುತ್ತದೆ. ಆದರೆ ಪರದೆಯ ಮೇಲಿನ ಆ ಮುದುಕಿ ಎಷ್ಟು ಹಾಯಾಗಿ ಕಾಲು ಚಾಚಿ ಕೂತಿದ್ದಾಳೆ.

ಒಸಾಕಾದ ಆ ಕಚೇರಿಯಲ್ಲಿ ಇಸೊಗಾಯ್, ವಿಡಿಯೊ ಗೇಮುಗಳ ತಪ್ಪು ಹುಡುಕುವ ಗುತ್ತಿಗೆ ನೌಕರ. ಈ ಸಲದ್ದು ದಣಿದವರಿಗೆ ನೆಮ್ಮದಿ ಕೊಡಲೆಂದೇ ಮಾಡಿದ ಆಟ: ಪುಟ್ಟ ಹಳ್ಳಿ, ಮೂಲಂಗಿ ಹೊಲ, ಬಿಸಿನೀರಿನ ಬುಗ್ಗೆ. ಬೇಲಿಯಲ್ಲಿ ಎಲ್ಲಾದರೂ ಕಿಂಡಿ ಇದೆಯೇ ಎಂದು ನೋಡಲು ಅವನು ವಾರಗಟ್ಟಲೆ ಆಟದೊಳಗಿನ ತನ್ನ ಗೊಂಬೆಯನ್ನು ಬೇಲಿಗೆ ಡುಬ್, ಡುಬ್ ಎಂದು ಗುದ್ದಿಸಿದ್ದ. ಆಟದ ಹಳ್ಳಿಯವರೆಲ್ಲ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಕಚೇರಿಯ ಖಾಯಂ ನೌಕರರಿಗೆ ಮಾತ್ರ ಅವನೂ ಅವನ ಸಾಲಿನವರೂ ಬರೀ ‘ಗುತ್ತಿಗೆ-ಸಾನ್’, ಅಂದರೆ ‘ಗುತ್ತಿಗೆಯವರೇ’.

ಅವತ್ತು ಬುಗ್ಗೆಯ ಪಕ್ಕದ ಬೆಂಚಿನಲ್ಲಿ ಕೂತು ಮುದುಕಿಗೆ ಮೂಲಂಗಿ ಉಪ್ಪಿನಕಾಯಿ ಕೊಟ್ಟಿದ್ದ. ಅವಳು ಕೂತಳು. ಹೊಲದ ಆಳುಗಳೂ ಒಬ್ಬೊಬ್ಬರಾಗಿ ಬಂದು ಕೂತರು. ಕೆಲಸದ ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ಗೆಯ್ಯಲು ಯಾರಾದರೂ ಬೇಕಲ್ಲ, ಜಮೀನ್ದಾರನೇ ಬಂದು ಗುದ್ದಲಿ ಹಿಡಿದ. ಇಸೊಗಾಯ್‌ಗೆ ನಗು ತಡೆಯಲಾಗಲಿಲ್ಲ.

“ಏನ್ರೀ ಗುತ್ತಿಗೆ-ಸಾನ್, ಹಲ್ಲು ಕಿರೀತಾ ಇದೀರಿ? ಆಟ ಆಡೋಕ್ ಬಂದಿದೀರಾ ಇಲ್ಲಿ?”

ಬೆನ್ನ ಹಿಂದೆ ಮೇಲ್ವಿಚಾರಕ ಕುರಾಮೊಚಿ. ಇಸೊಗಾಯ್ ತಟ್ಟನೆ ಪರದೆ ಬದಲಿಸಿ, ಎದ್ದು ತಲೆಬಾಗಿದ. ಈ ಮನುಷ್ಯ ಹೇಳಿಕೊಳ್ಳುವಂಥ ಒಂದು ತಪ್ಪನ್ನೂ ಹಿಡಿದಿಲ್ಲ, ಸಂಜೆಯೊಳಗೆ ಹಿಡಿಯದಿದ್ದರೆ ಗುತ್ತಿಗೆ ಮುಗಿಯಿತು ಎಂದು ಕುರಾಮೊಚಿ ಇಡೀ ಸಾಲಿಗೆ ಕೇಳುವಂತೆ ಹೇಳಿದ. ಬಾಗಿದ್ದು ಸಾಲದೆಂದು ಇನ್ನೊಮ್ಮೆ ಬಾಗಿಸಿ ಹೋದ.

ಪಕ್ಕದ ಮೇಜಿನ ಮಿತ್ಸುಯೊ ವಯಸ್ಸಿನಲ್ಲಿ ಹಿರಿಯಳು, ಬಾಯಿ ಹರಕು. ಎಲ್ಲ ನೋಡಿದ್ದಳು.

“ಬೋಳಿಮಗ. ಬರ್ಕೊಟ್ಬಿಡು ತಮ್ಮಾ, ನಿನ್ ಅನ್ನ ಉಳಿಯುತ್ತೆ,” ಎಂದಳು. ಆಮೇಲೆ ಅವನು ಮತ್ತೆ ತೆರೆದ ಪರದೆಯ ಬೆಂಚಿನತ್ತ ಕತ್ತು ಚಾಚಿ, “ಇವ್ರನ್ ಮಾತ್ರ ನಾಳೆನೇ ಎಬ್ಬಿಸ್ತಾರೆ.”

ಸಂಜೆ ಅವನು ಬೆಂಚಿನಲ್ಲೇನೂ ದೋಷವಿಲ್ಲವೆಂದು ಗುರುತು ಹಾಕಿ, ಕೊರಳಲ್ಲಿದ್ದ ಕಚೇರಿಯ ಬಿಲ್ಲೆ ಬಿಚ್ಚಿಟ್ಟು ಹೊರಟ.

ಆಟ ಮಾರುಕಟ್ಟೆಗೆ ಬಂದಾಗ ಅವನು ಉಗ್ರಾಣವೊಂದರಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಬಿಡುವಿನಲ್ಲಿ ಜೊತೆಯ ಕೂಲಿಗಳು ಫೋನಿನಲ್ಲಿ ಅದೇ ಆಟವಾಡಿ, ಜಮೀನ್ದಾರನ ಬೆವರಿಳಿಸಿ ಕೇಕೆ ಹಾಕುತ್ತಿದ್ದರು. ದೇಶದ ತುಂಬ ಜನ ಆ ಬೆಂಚಿಗೆ ಬಂದು ಕೂತಿದ್ದರಂತೆ. ಕೂತವರು ಆಟದೊಳಗೆ ಕಂಪನಿ ಮಾರುವ ದೀಪ, ಕಂಬಳಿ, ಹೊಸ ಟೋಪಿ ಯಾವುದನ್ನೂ ಕೊಳ್ಳುತ್ತಿರಲಿಲ್ಲ.

ಕುರಾಮೊಚಿಯ ಫೋನು ಬಂತು.

“ಇಸೊಗಾಯ್-ಸಾನ್,” ಎಂದ. ಹೆಸರನ್ನು ಎಲ್ಲಿಂದ ಹುಡುಕಿ ತೆಗೆದನೋ. “ಆ ಬೆಂಚು ನೋಡ್ದೋರು ನೀವೇ ತಾನೆ? ಇದು ನಿಮ್ಗೆ ಕಾಣ್ಲೇ ಇಲ್ವಾ?”

“ನಾನೇನ್ ಅಲ್ಲಿ ಆಟ ಆಡೋಕ್ ಬಂದಿದ್ನಾ, ಕುರಾಮೊಚಿ-ಸಾನ್?”

ಆ ಕಡೆಯಿಂದ ಇಸೊಗಾಯ್‌ಗೆ ಚೆನ್ನಾಗಿ ಗೊತ್ತಿದ್ದ ಸದ್ದೊಂದು ಕೇಳುತ್ತಿತ್ತು: ಡುಬ್, ಡುಬ್. ಗುತ್ತಿಗೆಯವರನ್ನೆಲ್ಲ ಕೆಲಸದಿಂದ ಕಳಿಸಿಯಾಗಿತ್ತು. ಕುರಾಮೊಚಿಯೇ ಕೂತು ಗೊಂಬೆಯನ್ನು ಬೇಲಿಗೆ ಗುದ್ದಿಸುತ್ತಿದ್ದ.

ಬೆಂಚಿನ ವಿಷಯ ತನಗೆ ಅವತ್ತೇ ಕಂಡಿತ್ತೆಂದು ಇಸೊಗಾಯ್ ಅವನಿಗೆ ಕೊನೆಗೂ ಹೇಳಲಿಲ್ಲ.