ಹಿರೇಆಯಿಯ ಪಾಲಿನ ಹಾಲು

ಬಸವಕಲ್ಯಾಣದ ಕೋಟೆಯ ಕಡೆಗೆ ಏರುವ ಓಣಿಯಲ್ಲಿ ಕರಿಕಲ್ಲಿನ ಒಂದು ಹಳೆಯ ವಾಡೆ ಇತ್ತು. ಆ ಮನೆಗೆ ಸೊಸೆಯಾಗಿ ಬಂದವಳ ಬೆನ್ನು ಐವತ್ತು ದಾಟಿದ ಮೇಲೆ ನೆಟ್ಟಗೆ ನಿಂತದ್ದನ್ನು ಓಣಿಯವರು ಯಾರೂ ಕಂಡಿರಲಿಲ್ಲ. ಮೊದಲು ಹೆಗಲು ಮುಂದಕ್ಕೆ ಬೀಳುತ್ತಿತ್ತು. ಆಮೇಲೆ ಕುತ್ತಿಗೆಯ ಕೆಳಗೆ ಗೂನು ಏಳುತ್ತಿತ್ತು. ಅರವತ್ತರ ಹೊತ್ತಿಗೆ ಮುಖ ನೆಲ ನೋಡುತ್ತಿತ್ತು. ಯಾರಾದರೂ ಕೇಳಿದರೆ ಆ ಮನೆಯ ಹೆಂಗಸರು ದನಿ ತಗ್ಗಿಸಿ, ಹಿರೇಆಯಿ ಬೆನ್ನೇರಿದ್ದಾಳೆ ಎನ್ನುತ್ತಿದ್ದರು. ಮಳೆ ಹಿಡಿಯಿತು, ಚಳಿ ಬಿತ್ತು ಎಂದು ಹೇಳುವ ಹಾಗೆಯೇ ಹೇಳುತ್ತಿದ್ದರು.

ಹಿರೇಆಯಿ ಆ ವಂಶದ ಆರು ತಲೆಮಾರಿನ ಹಿಂದಿನ ಅಜ್ಜಿ. ಬರ ಬಿದ್ದ ವರ್ಷ ಮನೆಯಲ್ಲಿ ಹಾಲು ಕೊಡುವ ಆಕಳು ಒಂದೇ ಉಳಿದಿತ್ತಂತೆ. ಹನ್ನೊಂದು ಮಕ್ಕಳು. ಆಯಿ ಹಾಲನ್ನೆಲ್ಲ ಮಕ್ಕಳಿಗೆ ಹಂಚಿ, ತನ್ನ ಬಾಯಿಗೆ ಹನಿಯೂ ಹಾಕಿಕೊಳ್ಳದೆ ಎರಡು ವರ್ಷ ಕಳೆದಳು. ಒಂದು ಮಧ್ಯಾಹ್ನ ಮಾಳಿಗೆಯ ಮೆಟ್ಟಿಲು ಇಳಿಯುವಾಗ, ಕಾಲು ಜಾರದೆ, ಯಾರೂ ನೂಕದೆ, ತೊಡೆಯ ಎಲುಬು ತಾನಾಗಿ ಮುರಿದು ಬಿದ್ದಳು. ಮತ್ತೆ ಏಳಲಿಲ್ಲ. ಹನ್ನೊಂದು ಮಕ್ಕಳೂ ಉಳಿದವು.

ಅಂದಿನಿಂದ ಆ ಮನೆಯಲ್ಲಿ ಒಂದು ನೇಮ ನಡೆದುಬಂದಿತ್ತು. ಸೊಸೆಗೆ ಚೊಚ್ಚಲ ಮಗು ಹುಟ್ಟಿ ಐದು ತಿಂಗಳು ತುಂಬಿದ ಸೋಮವಾರ ಅತ್ತೆ ಅವಳ ಕೈಗೆ ಹಾಲು ತುಂಬಿದ ಕಂಚಿನ ಬಟ್ಟಲು ಕೊಟ್ಟು, ಆಯಿಯ ಹೆಸರಿನಲ್ಲಿ ಹಾಲು ಬಿಡಿಸುವಳು. ಆಮೇಲೆ ಸಾಯುವತನಕ ಹಾಲು, ಮೊಸರು, ಮಜ್ಜಿಗೆ ಯಾವುದೂ ಅವಳ ನಾಲಿಗೆಗೆ ಸೋಕುವಂತಿಲ್ಲ. ಅವಳ ಪಾಲಿನ ಹಾಲು ದಿನವೂ ನಡುಮನೆಯ ಗೋಡೆಯ ಮಾಡದಲ್ಲಿ ಆಯಿಯ ಮುಂದೆ ಕೂರಬೇಕು. ಸಂಜೆ ಅದನ್ನು ಹಿತ್ತಲ ಬೇವಿನ ಬುಡಕ್ಕೆ ಸುರಿಯಬೇಕು. ಮಧ್ಯಾಹ್ನದ ಹೊತ್ತು ಆಯಿಯದು. ಆಗ ಹೆಂಗಸರು ಮಾಳಿಗೆ ಏರಬಾರದು, ಅಂಗಳಕ್ಕೆ ಇಳಿಯಬಾರದು. ದೊಡ್ಡ ಮನೆತನವಾದ್ದರಿಂದ ಉಳಿದ ಹೊತ್ತಿನಲ್ಲೂ ಹೊಸ್ತಿಲು ದಾಟುವ ಕಾರಣ ಅವರಿಗೆ ಇರುತ್ತಿರಲಿಲ್ಲ. ಬೀಗರು ಬಂದರೂ ಆ ಮನೆಯ ಹೆಂಗಸರು ಕರಿ ಚಹಾ ಹಿಡಿದೇ ಕೂರುವರು. ಹಿಂದೆ ಯಾವಳೋ ಒಬ್ಬ ಸೊಸೆ ಕದ್ದು ಮೊಸರು ತಿಂದಳು, ಮಧ್ಯಾಹ್ನವಾಗುವುದರೊಳಗೆ ತೊಟ್ಟಿಲ ಕೂಸು ತಣ್ಣಗಾಗಿತ್ತು ಎಂಬ ಮಾತು ಎಲ್ಲರಿಗೂ ಗೊತ್ತಿತ್ತು. ಅವಳ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಗಯಾಬಾಯಿ ಆ ಮನೆಗೆ ಬಂದು ಮೂವತ್ತಾರು ವರ್ಷವಾಗಿತ್ತು. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಜಗತ್ತೇ ಮರೆಯುವ ಹೆಂಗಸು. ನೇಮಗಳನ್ನು ಪ್ರಶ್ನಿಸಿದವಳಲ್ಲ. ಅವಳ ಮನಸ್ಸು ಮೊದಲು ಅಲುಗಿದ್ದು ೧೯೯೮ರ ಶ್ರಾವಣದಲ್ಲಿ, ಅತ್ತೆ ರುಕ್ಮಿಣಿಬಾಯಿ ಲಿಂಗೈಕ್ಯಳಾದ ದಿನ.

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ, ಹಣೆಗೆ ವಿಭೂತಿ ಬಳಿದು, ಬಂದವರಿಗೆಲ್ಲ ಮುಖ ಕಾಣುವ ಹಾಗೆ ಕೂರಿಸಬೇಕು. ರುಕ್ಮಿಣಿಬಾಯಿಯ ಮುಖ ಮೊಣಕಾಲಿನ ಮೇಲೆ ಬಿದ್ದಿತ್ತು. ಹಿರಿಯರು ಬೆನ್ನು ಹಿಂದಕ್ಕೆ ಒತ್ತಲು ಹೇಳಿದರು. ಗಯಾಬಾಯಿ ಹಿಂದೆ ಕೂತು, ಎರಡೂ ಹೆಗಲು ಹಿಡಿದು ಮೆಲ್ಲಗೆ ಎಳೆದಳು. ಮಲಗಿದ ಮಗುವನ್ನು ಎತ್ತಿಕೊಳ್ಳುವಷ್ಟೇ ಮೆಲ್ಲಗೆ. ಒಳಗೆ ಒಣ ತೊಗರಿಕಟ್ಟಿಗೆ ಮುರಿದ ಹಾಗೆ ಸಪ್ಪಳವಾಯಿತು. ಒಂದಲ್ಲ, ಸಾಲಾಗಿ ನಾಲ್ಕು. ಭಜನೆಯವರ ತಾಳದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅವಳ ಅಂಗೈಗಳಿಗೆ ಮಾತ್ರ ಕೇಳಿಸಿತು.

ಒಂಬತ್ತನೆಯ ದಿನದಿಂದ ಮಧ್ಯಾಹ್ನಗಳು ಬೇರೆಯಾದವು. ಓಣಿಯ ನಾಯಿಗಳೂ ನೆರಳಿಗೆ ಸರಿದು, ಇಡೀ ಊರು ಉಸಿರು ಹಿಡಿದ ಹೊತ್ತಿನಲ್ಲಿ ಮಾಳಿಗೆಯ ಮೇಲೆ ಯಾರೋ ನಡೆದ ಹಾಗಾಗುತ್ತಿತ್ತು. ಒಂದು ಹೆಜ್ಜೆ, ಒಂದು ಎಳೆತ. ಒಂದು ಹೆಜ್ಜೆ, ಒಂದು ಎಳೆತ. ಅದು ನಡುಮನೆಯ ಬೆಳಕಿಂಡಿಯವರೆಗೆ ಬಂದು ನಿಲ್ಲುತ್ತಿತ್ತು. ಆಗ ಗಯಾಬಾಯಿಯ ಎರಡು ಹೆಗಲ ನಡುವೆ, ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಒಂದು ಭಾರ ಕೂರುತ್ತಿತ್ತು. ಅದಕ್ಕೆ ಕೂಸಿನಷ್ಟೇ ತೂಕ. ಅವಳು ಯಾರಿಗೂ ಹೇಳಲಿಲ್ಲ. ಆಯಿ ಬಂದಳು, ಇನ್ನು ನನ್ನ ಸರದಿ ಎಂದುಕೊಂಡಳು.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಅವಳ ಬಲ ಮುಂಗೈ ಮುರಿಯಿತು. ಬೀಳಲಿಲ್ಲ, ಭಾರ ಎತ್ತಲಿಲ್ಲ. ಹಿಟ್ಟಿನ ಮೇಲೆ ಕೈ ಬಿತ್ತು, ಕೈ ಮೇಲೇಳಲಿಲ್ಲ, ಅಷ್ಟೆ. ಮಗ ಸತೀಶಕುಮಾರ ಅವಳನ್ನು ಬಸ್ಸಿನಲ್ಲಿ ಹುಮನಾಬಾದಿಗೆ ಕರೆದುಕೊಂಡು ಹೋದ. ಎಲುಬು ಕಟ್ಟುವ ಅಜೀಮುದ್ದೀನ್ ಇದ್ದದ್ದು ಅಲ್ಲಿ. ಸೊಸೆ ಪೂನಂ ಬಾಣಂತನಕ್ಕೆ ಹೋಗಿದ್ದ ತವರುಮನೆಯೂ ಅಲ್ಲಿಯೇ. ಅವಳ ಕೂಸು ಐಶ್ವರ್ಯಳಿಗೆ ಆ ಭಾನುವಾರಕ್ಕೆ ಐದು ತಿಂಗಳು ತುಂಬುತ್ತಿತ್ತು. ಕೈ ಕಟ್ಟಿಸಿಕೊಂಡು ತಾಯಿ ಮಗು ಇಬ್ಬರನ್ನೂ ಕರೆತಂದರೆ, ಸೋಮವಾರದ ನೇಮಕ್ಕೆ ಸರಿಹೋಗುತ್ತದೆ ಎಂದು ಲೆಕ್ಕ.

ಅಜೀಮುದ್ದೀನನಿಗೆ ಎಪ್ಪತ್ತು ದಾಟಿತ್ತು. ಕಣ್ಣು ಮಂಜಾಗಿ ಬೆರಳುಗಳಿಂದಲೇ ನೋಡುತ್ತಿದ್ದ. ಗಯಾಬಾಯಿಯ ಮುಂಗೈ ಹಿಡಿದವನು ಬಹಳ ಹೊತ್ತು ಬಿಡಲಿಲ್ಲ.

"ಈ ಕೈ ನಂಗ ಗುರ್ತದ, ತಂಗಿ," ಎಂದ. "ನಿಮ್ಮತ್ತೀದು ನಾನೇ ಕಟ್ಟೀನಿ. ಅವರತ್ತೀದು ನಮ್ಮ ಅಬ್ಬಾ ಕಟ್ಟ್ಯಾರ. ಇದೇ ಕೈ, ಇದೇ ಜಾಗಾ. ನಿಮ್ಮ ಮನಿ ಗಂಡಸರದು ಒಂದ್ ಎಲುಬೂ ನಮ್ಮ ಹೊಸ್ತಿಲ ಕಂಡಿಲ್ಲ. ಆಯಿ ಬರೇ ಹೆಂಗಸರ ಬೆನ್ನ ಏರ್ತಾಳೇನ್ರಿ?"

ಕೂಸನ್ನು ಎತ್ತಿಕೊಂಡು ಜೊತೆಗೆ ಬಂದಿದ್ದ ಪೂನಂ ನಕ್ಕಳು. "ಗಂಡಸರು ಕೆನಿಹಾಲು ಕುಡೀತಾರಲ್ರಿ ಚಾಚಾ. ಅವರ ಬೆನ್ನ ಜಾರ್ತದ, ಆಯಿಗಿ ನಿಂದ್ರಾಕ ಆಗಂಗಿಲ್ಲ."

ಗಯಾಬಾಯಿ ಸೊಸೆಯತ್ತ ಕಣ್ಣು ಕೆರಳಿಸಿ ನೋಡಿದಳು. ಅಜೀಮುದ್ದೀನ್ ನಗಲಿಲ್ಲ. ಏನು ಉಣ್ಣುತ್ತೀರಿ, ಬಿಸಿಲಿಗೆ ಎಷ್ಟು ಹೊತ್ತು ಹೋಗುತ್ತೀರಿ ಎಂದು ಕೇಳಿದ. ಕೇಳುತ್ತ ಕೇಳುತ್ತ ತಲೆ ಆಡಿಸಿದ. ಕಟ್ಟುವ ಮೊದಲು ಸರಕಾರಿ ದವಾಖಾನೆಗೆ ಹೋಗಿ ಎಕ್ಸ್‌ರೇ ತೆಗೆಸಿ ತನ್ನಿ, ಕುರುಡು ಕೈಯಿಂದ ಕಟ್ಟುವ ಕಾಲ ಹೋಯಿತು ಎಂದು ಕಳಿಸಿದ.

ದವಾಖಾನೆಯ ಡಾಕ್ಟರಮ್ಮ ಕರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಗಯಾಬಾಯಿ ನೋಡಿದಳು. ಅದು ತನ್ನ ಕೈಯೆಂದು ಅವಳಿಗೆ ಅನ್ನಿಸಲಿಲ್ಲ. ಗೆದ್ದಲು ತಿಂದ ಕಟ್ಟಿಗೆಯ ಹಾಗೆ, ಒಳಗೆ ಬೆಳಕು ಹಾಯುವಷ್ಟು ಜಾಳಾಗಿದ್ದ ಎಲುಬುಗಳು. ನೂರು ವರ್ಷದವಳ ಕೈ. ಆ ಬೆರಳುಗಳು ಯಾರನ್ನೋ ಏನನ್ನೋ ಬೇಡುವ ಹಾಗೆ ತುಸು ಮಡಿಚಿಕೊಂಡಿದ್ದವು. ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟಳು. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು, ಬೇಳೆಕಾಳು ಬಿಡಬಾರದು, ದಿನವೂ ಬಿಸಿಲಿನಲ್ಲಿ ಓಡಾಡಬೇಕು ಎಂದಳು. ಆಮೇಲೆ ಪೂನಂ ಕಡೆ ನೋಡಿ, ಕೂಸಿಗೆ ಹಾಲೂಡಿಸುವವಳು ನೀನು, ನೀನಂತೂ ಬಿಡಲೇಬಾರದು ಎಂದಳು.

ತಿರುಗಿ ಬಂದಾಗ ಅಜೀಮುದ್ದೀನ್ ಬಿದಿರಿನ ಪಟ್ಟಿ ಇಟ್ಟು ಬಟ್ಟೆ ಸುತ್ತುತ್ತ, ಗಯಾಬಾಯಿಗೆ ಮಾತ್ರ ಕೇಳುವ ಹಾಗೆ ಹೇಳಿದ:

"ಬಾಗಿದ್ದು ನೆಟ್ಟಗ ಆಗೂದಿಲ್ಲ, ತಂಗಿ, ಸುಳ್ಳ್ಯಾಕ ಹೇಳ್ಲಿ. ನಿಮ್ಮದು ಇನ್ನ ಬಾಗದಂಗ ತಡೀಬಹುದು. ಆದ್ರ ಈ ಹುಡುಗಿಗಿ ಇಪ್ಪತ್ತೆರಡು. ಮೂವತ್ತರೊಳಗ ಎಲುಬಿನ್ಯಾಗ ಎಷ್ಟ್ ತುಂಬ್ತದೋ ಅದೇ ಕಡೀತನಕ. ಈಗ ನೀವು ಬಿಡಿಸಿದ್ರ, ಇದೇ ಕೈ ನನ್ನ ಮಗಾ ಕಟ್ತಾನ."

ಗಯಾಬಾಯಿಯ ಕಣ್ಣು ಪೂನಂಳ ಹೆಗಲ ಮೇಲೆ ನಿದ್ದೆಹೋಗಿದ್ದ ಕೂಸಿನ ಮೇಲೆ ನೆಟ್ಟಿತ್ತು. ನೇಮ ನಡೆಸಿದರೆ ಸೊಸೆಯ ಬೆನ್ನು. ನೇಮ ಮುರಿದರೆ ಆ ಕೂಸು. ಬಸ್ಸಿನಲ್ಲಿ ಊರು ಮುಟ್ಟುವತನಕ ಅವಳು ಪಂಚಾಕ್ಷರಿ ಹೇಳುತ್ತಲೇ ಇದ್ದಳು, ಎಣಿಕೆ ಮಾತ್ರ ತಪ್ಪುತ್ತಲೇ ಇತ್ತು.

ಸೋಮವಾರ ಬಂತು. ಪೂಜೆ ಮುಗಿಸಿ ಅವಳು ಎಡಗೈಯಿಂದಲೇ ಲಿಂಗಕ್ಕೆ ಸಕ್ಕರೆ ನೈವೇದ್ಯ ಮಾಡಿ, ದಿನದ ರೂಢಿಯಂತೆ ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡವಳು ಹಾಗೆಯೇ ಕೂತುಬಿಟ್ಟಳು. ಹುಟ್ಟಿದಾಗಿನಿಂದ ಮಾಡಿದ್ದು ಇದೇ. ಲಿಂಗಕ್ಕೆ ಕೊಟ್ಟದ್ದನ್ನು ಚೆಲ್ಲಿದವರಿಲ್ಲ. ಪ್ರಸಾದವೆಂದು ತಾವು ಸ್ವೀಕರಿಸಿದ ಮೇಲೆಯೇ ಕೊಟ್ಟದ್ದು ಮುಟ್ಟಿತೆಂದು ಅರ್ಥ. ಹಾಗಾದರೆ ಆಯಿಗೆ ಇಟ್ಟ ಹಾಲನ್ನು ಆರು ತಲೆಮಾರು ಯಾಕೆ ಬೇವಿಗೆ ಸುರಿದರು? ಆಯಿಗೆ ಅದು ಎಂದಾದರೂ ಮುಟ್ಟಿತೇ? ನಾಲಿಗೆಯ ಮೇಲೆ ಸಕ್ಕರೆ ಕರಗಿತು.

ನೇಮದ ಹೊತ್ತು ನಡುಮಧ್ಯಾಹ್ನ. ಪೂನಂ ಹಸಿರು ಸೀರೆ ಉಟ್ಟು, ಕೂಸನ್ನು ತೊಟ್ಟಿಲಲ್ಲಿ ಹಾಕಿ ಕಾಯುತ್ತಿದ್ದಳು. ಇಂದು ಅವಳು ನಗುತ್ತಿರಲಿಲ್ಲ. ತಾನು ಕರೆಯುವತನಕ ಒಳಗೆ ಬರಬೇಡವೆಂದು ಹೇಳಿ ಗಯಾಬಾಯಿ ಒಬ್ಬಳೇ ನಡುಮನೆ ಹೊಕ್ಕಳು.

ಬೆಳಕಿಂಡಿಯಿಂದ ಬಿಸಿಲಿನ ಕೋಲು ನೇರ ನೆಲಕ್ಕೆ ಇಳಿದಿತ್ತು. ಮಾಡದಲ್ಲಿ ಬಟ್ಟಲು, ಬಟ್ಟಲಲ್ಲಿ ಕೆನೆಗಟ್ಟಿದ ಹಾಲು. ಮೇಲೆ ಹೆಜ್ಜೆ ಬಂತು. ಒಂದು ಹೆಜ್ಜೆ, ಒಂದು ಎಳೆತ. ಬೆಳಕಿಂಡಿಯ ಬಳಿ ನಿಂತಿತು. ಬಿಸಿಲಿನ ಕೋಲು ಮಬ್ಬಾಯಿತು, ಮೋಡ ಮುಚ್ಚಿದ ಹಾಗೆ. ಆ ತಿಂಗಳಲ್ಲಿ ಆಕಾಶದಲ್ಲಿ ಮೋಡವಿರಲಿಲ್ಲ. ಹೆಗಲ ನಡುವೆ ಭಾರ ಇಳಿಯಿತು. ಅಂದು ಕೂಸಿನ ತೂಕವಿರಲಿಲ್ಲ, ತುಂಬಿದ ಹೆಂಗಸಿನ ತೂಕವಿತ್ತು. ಗಯಾಬಾಯಿಯ ಮೊಣಕಾಲು ನೆಲಕ್ಕೆ ತಾಗಿದವು.

ಅವಳು ತಿರುಗಿ ನೋಡಲಿಲ್ಲ.

"ಆಯೀ," ಎಂದಳು, "ಸಿಟ್ಟಾದ್ರ ನನ್ನ ಮ್ಯಾಲ ಆಗು. ಕೂಸಿನ ಕಡಿ ನೋಡಬ್ಯಾಡ. ನೇಮ ಮುರಿಯಾಕತ್ತಿದಾಕಿ ನಾನು."

ಎಡಗೈಯಿಂದ ಬಟ್ಟಲು ಎತ್ತಿ ತುಟಿಗೆ ಹಿಡಿದಳು. ಮೂವತ್ತೈದು ವರ್ಷದ ಮೇಲೆ ಹಾಲಿನ ವಾಸನೆ ಅಷ್ಟು ಹತ್ತಿರ ಬಂದಿತ್ತು. ಒಂದು ಗುಟುಕು ಕುಡಿದಳು.

ಬೆನ್ನ ಹಿಂದೆ, ಕಿವಿಗೆ ಅಂಟಿದ ಹಾಗೆ, ಇನ್ನೊಂದು ಗಂಟಲು ಗುಟುಕರಿಸಿತು.

ಗಯಾಬಾಯಿ ತಡೆದಳು. ಅದೂ ತಡೆಯಿತು. ಮನೆಯಲ್ಲಿ ನೊಣ ಹಾರುವ ಸದ್ದೂ ಇರಲಿಲ್ಲ. ಮತ್ತೆ ಕುಡಿದಳು, ಮತ್ತೆ ಗುಟುಕರಿಸಿತು, ಈ ಸಲ ಆತುರವಾಗಿ, ಬಹಳ ದೂರ ನಡೆದು ಬಂದವರು ನೀರು ಕಂಡ ಹಾಗೆ. ಅವಳ ಕುತ್ತಿಗೆಯ ಹಿಂದೆ ಒಣ ಉಸಿರು ತಾಗಿತು. ಬಟ್ಟಲು ಕೆಳಗಿಡಲು ಅವಳಿಗೆ ಮನಸ್ಸು ಬರಲಿಲ್ಲ. ಬಾಯಾರಿದವರ ಮುಂದಿನಿಂದ ಪಾತ್ರೆ ಹೇಗೆ ತೆಗೆಯುವುದು? ಕಣ್ಣು ಮುಚ್ಚಿ, ಒಳಗೆ ಲಿಂಗವನ್ನು ನೆನೆದು, ತಳದ ಕೆನೆಯವರೆಗೂ ಕುಡಿದಳು. ಕೊನೆಯ ಗುಟುಕಿಗೆ ಹಿಂದಿನಿಂದ ಒಂದು ನಿಟ್ಟುಸಿರು ಬಂತು. ಹಾಲಿನ ವಾಸನೆಯಿತ್ತು ಅದರಲ್ಲಿ.

ಬಿಸಿಲಿನ ಕೋಲು ತಿರುಗಿ ತಿಳಿಯಾಯಿತು.

ಅವಳು ಗೋಡೆ ಹಿಡಿದು ಎದ್ದು ಹೊರಗೆ ಬಂದು, ಮೊದಲು ತೊಟ್ಟಿಲಿಗೆ ಹೋದಳು. ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದಳು. ಬೆಚ್ಚಗಿತ್ತು. ಪೂನಂ ಅತ್ತೆಯ ಮೇಲ್ದುಟಿಯ ಮೇಲಿನ ಕೆನೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಅತ್ತೀ, ಇದೇನ್ರಿ ನೀವು..."

"ಆಯಿಗಿ ಬಾಯಿಲ್ಲವ್ವ," ಎಂದಳು ಗಯಾಬಾಯಿ. "ನಮ್ಮ ಬಾಯೀಲಿಂದ ಉಣ್ಬೇಕಾಕಿ. ನಾವು ಬಾಯಿ ಮುಚ್ಕೊಂಡ್ ಕುಂತಿದ್ವಿ. ಹೋಗು, ನಿನ್ನ ಪಾಲಿಂದು ಬಿಸಿ ಮಾಡ್ಕೊ."

ಪೂನಂ ಕುಡಿಯುವಾಗ ಗಯಾಬಾಯಿ ಕಿವಿಗೊಟ್ಟು ನಿಂತಳು. ಏನೂ ಕೇಳಿಸಲಿಲ್ಲ. ಮುಂದಿನ ಸೋಮವಾರದವರೆಗೆ ಅವಳು ತೊಟ್ಟಿಲ ಪಕ್ಕ ಬಿಟ್ಟು ಏಳಲಿಲ್ಲ. ಎಂಟು ದಿನದಲ್ಲಿ ಕೂಸು ಬೋರಲು ಬಿದ್ದು ತಲೆಯೆತ್ತಲು ಕಲಿಯಿತು. ಓಣಿಯಲ್ಲಿ ಸುದ್ದಿ ಹಬ್ಬಿ ಕೆಲವರು ಬಾಯಿಗೆ ಬಂದದ್ದು ಆಡಿದರು. ವಾಡೆಯ ಗಂಡಸರು ಎರಡು ದಿನ ಮುಖ ಬಿಗಿದುಕೊಂಡು, ಮೂರನೆಯ ದಿನ ಇನ್ನೊಂದು ಎಮ್ಮೆ ಕಟ್ಟುವ ಮಾತು ತೆಗೆದರು.

ಎಂಟನೆಯ ಮಧ್ಯಾಹ್ನ ಗಯಾಬಾಯಿ ಮೊದಲ ಸಲ ಮಾಳಿಗೆ ಏರಿದಳು. ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು. ಮೇಲೆ ಹೋದ ಮೇಲೆ ಕಣ್ಣು ಕುಕ್ಕಿತು; ದೂರದಲ್ಲಿ ಕೋಟೆಯ ಬುರುಜು ಬೆಳ್ಳಗೆ ಹೊಳೆಯುತ್ತಿತ್ತು. ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ಭಾರ ಹೋಗಿರಲಿಲ್ಲ. ಹೆಗಲ ನಡುವೆ ಇತ್ತು, ಇನ್ನು ಸಾಯುವತನಕ ಇರುವಂಥದ್ದೇ. ಆದರೆ ಅದು ಒತ್ತುತ್ತಿರಲಿಲ್ಲ. ಉಂಡು ತಣಿದವರು ಒರಗಿದ ಹಾಗೆ ಒರಗಿತ್ತು. ಮಾಳಿಗೆಯ ಮೋಟುಗೋಡೆಯ ನೆರಳು ಅವಳ ಬೆನ್ನ ಮೇಲೆ ಅರ್ಧ ಬಿದ್ದಿತ್ತು. ಹಿಂದೆ ಕೂತವಳಿಗೂ ಬಿಸಿಲು ತಾಗಲಿ ಎಂದು ಗಯಾಬಾಯಿ ಒಂದು ಗೇಣು ಮುಂದೆ ಸರಿದಳು.